ಹೊಗೆಯಿಂದ ಮೆಥನಾಲ್ ಮಾಡಬಹುದು, ಆದರೆ ಹೈಡ್ರೋಜನ್ ಎಲ್ಲಿಂದ?

ಪ್ರಶ್ನೆ: ಇಂಗಾಲದ ಡೈಆಕ್ಸೈಡಿಗೆ ಹೈಡ್ರೋಜನ್ ಸೇರಿಸಿ ಮೆಥನಾಲ್, ಮೀಥೇನ್, ಪೆಟ್ರೋಲ್ ಎಲ್ಲವನ್ನೂ ಮಾಡಬಹುದೆಂದು ಆಗಾಗ ಓದುತ್ತೇನೆ. ಪ್ರತಿ ಸಲವೂ ಹೊಸ ವೇಗವರ್ಧಕ ಸಿಕ್ಕಿತೆಂಬ ಸುದ್ದಿ. ಹಾಗಿದ್ದರೆ ಪ್ರತಿ ಚಿಮಣಿಯ ಪಕ್ಕದಲ್ಲೂ ಇಂಥದ್ದೊಂದು ಘಟಕ ಯಾಕೆ ಬಂದಿಲ್ಲ? ಸರಿಯಾದ ವೇಗವರ್ಧಕ ಇನ್ನೂ ಸಿಕ್ಕಿಲ್ಲವೇ? ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸುತ್ತಿದ್ದೇನೆ. ಈ ಕಡೆ ಸಂಶೋಧನೆಗೆ ಬಂದರೆ ಮಾಡುವುದಕ್ಕೆ ಏನಾದರೂ ಉಳಿದಿದೆಯೇ?

ಉತ್ತರ: ವೇಗವರ್ಧಕದ, ಅಂದರೆ ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿನ, ಮಾತಿನಿಂದಲೇ ಶುರು ಮಾಡುತ್ತೇನೆ. ಅದು ಸಿಕ್ಕಿ ನೂರು ವರ್ಷ ದಾಟಿದೆ. ಫ್ರಾನ್ಸಿನ ಪಾಲ್ ಸಬಾಟಿಯೇ ಮತ್ತು ಅವರ ಸಹೋದ್ಯೋಗಿ ಸೆಂಡೆರೆನ್ಸ್, ನಿಕ್ಕಲ್ ಪುಡಿಯ ಮೇಲೆ ಇಂಗಾಲದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಹಾಯಿಸಿ ಮೀಥೇನ್ ಪಡೆದದ್ದು 1902ರಲ್ಲಿ. ಲೋಹದ ಪುಡಿಗಳ ಮೇಲೆ ಹೈಡ್ರೋಜನ್ ಸೇರಿಸುವ ವಿಧಾನಕ್ಕಾಗಿ ಸಬಾಟಿಯೇ ಅವರಿಗೆ 1912ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಮೆಥನಾಲಿಗೆ (ಇಂಧನವಾಗಿಯೂ ಕಚ್ಚಾವಸ್ತುವಾಗಿಯೂ ಬಳಸುವ ಸರಳ ಆಲ್ಕೊಹಾಲ್) ಬೇಕಾದ ತಾಮ್ರ–ಸತು ವೇಗವರ್ಧಕವನ್ನು ಬ್ರಿಟನ್ನಿನ ಐಸಿಐ ಕಂಪನಿ 1966ರಲ್ಲಿ ಕಾರ್ಖಾನೆ ಮಟ್ಟಕ್ಕೆ ತಂದಿತು. ಅದಕ್ಕಿಂತ ಮೊದಲು, 1923ರಿಂದ, ಜರ್ಮನಿಯ ಬಿಎಎಸ್‌ಎಫ್ ಸತು–ಕ್ರೋಮಿಯಂ ಆಕ್ಸೈಡ್ ಬಳಸಿ 300 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಆಸುಪಾಸಿನ ಒತ್ತಡದಲ್ಲಿ ಮೆಥನಾಲ್ ತಯಾರಿಸುತ್ತಿತ್ತು. ತಾಮ್ರ ಬಂದ ಮೇಲೆ 50ರಿಂದ 100 ಬಾರ್ ಸಾಕಾಯಿತು.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ಮಾಮೂಲಿ ಮೆಥನಾಲ್ ಕಾರ್ಖಾನೆಗೆ ಹೋಗುವ ಅನಿಲದಲ್ಲಿ ಮುಖ್ಯವಾಗಿ ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಇರುತ್ತವೆ, ಜೊತೆಗೆ ಸ್ವಲ್ಪ ಇಂಗಾಲದ ಡೈಆಕ್ಸೈಡ್. ಮಾನಾಕ್ಸೈಡೇ ಮೆಥನಾಲ್ ಆಗುತ್ತದೆಂದು ಹೆಚ್ಚಿನವರು ನಂಬಿದ್ದರು. 1980ರ ದಶಕದಲ್ಲಿ ಐಸಿಐ ಸಂಶೋಧಕರು ವಿಕಿರಣಶೀಲ ಇಂಗಾಲ–14ರ ಗುರುತು ಹಾಕಿದ ಅನಿಲ ಬಿಟ್ಟು ನೋಡಿದಾಗ, ಮೆಥನಾಲಿನ ಇಂಗಾಲ ಬಹುಪಾಲು ಬಂದದ್ದು ಡೈಆಕ್ಸೈಡಿನಿಂದ. ಮಾನಾಕ್ಸೈಡ್ ಮೊದಲು ನೀರಿನೊಡನೆ ಸೇರಿ ಡೈಆಕ್ಸೈಡ್ ಆಗಿ, ಆಮೇಲೆ ಮೆಥನಾಲಿನ ಹಾದಿ ಹಿಡಿಯುತ್ತಿತ್ತು. ನೀವು ಸುದ್ದಿಯಲ್ಲಿ ಓದುವ ಕ್ರಿಯೆ ಜಗತ್ತಿನ ಮೆಥನಾಲ್ ಕಾರ್ಖಾನೆಗಳ ಒಳಗೆ ದಶಕಗಳಿಂದ ನಡೆಯುತ್ತಲೇ ಬಂದಿದೆ.

ಹಾಗಾದರೆ ತಡೆ ಎಲ್ಲಿದೆ? ಶಕ್ತಿಯ ಲೆಕ್ಕದಲ್ಲಿ. 12 ಗ್ರಾಂ ಇಂಗಾಲ ಪೂರ್ತಿ ಉರಿದರೆ ಸುಮಾರು 394 ಕಿಲೊಜೂಲ್ ಶಾಖ ಹೊರಬೀಳುತ್ತದೆ, ಉಳಿಯುವುದು ಇಂಗಾಲದ ಡೈಆಕ್ಸೈಡ್. ಅದು ಉರಿದು ಮುಗಿದ ಬೂದಿ. ಕೊಡಬೇಕಾದ್ದನ್ನೆಲ್ಲ ಕೊಟ್ಟಾಗಿದೆ. ಅದನ್ನು ಮತ್ತೆ ಇಂಧನ ಮಾಡಬೇಕೆಂದರೆ ಕಳೆದುಹೋದ ಶಕ್ತಿಯನ್ನು ಹೊರಗಿನಿಂದ ತುಂಬಲೇಬೇಕು. ಇದನ್ನು ಯಾವ ವೇಗವರ್ಧಕವೂ ತಪ್ಪಿಸಲಾರದು. ಆಗಬಹುದಾದ ಕ್ರಿಯೆಯನ್ನು ಬೇಗ ಆಗುವಂತೆ ಮಾಡುವುದು, ಆಗಬಹುದಾದ ಹಲವು ಕ್ರಿಯೆಗಳಲ್ಲಿ ಬೇಕಾದುದಕ್ಕೆ ದಾರಿ ಮಾಡಿಕೊಡುವುದು, ಇಷ್ಟೇ ಅದರ ಅಧಿಕಾರ. ಶಕ್ತಿಯನ್ನು ತರುವುದು ಹೈಡ್ರೋಜನ್.

ಈ ಹೈಡ್ರೋಜನ್ ಖರ್ಚನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಿಮ್ಮ ಪ್ರಶ್ನೆಯ ನಿಜವಾದ ಉತ್ತರ ಇಲ್ಲೇ ಇದೆ. ಒಂದು ಅಣು ಇಂಗಾಲದ ಡೈಆಕ್ಸೈಡಿಗೆ ಮೂರು ಅಣು ಹೈಡ್ರೋಜನ್ ಸೇರಿ ಒಂದು ಅಣು ಮೆಥನಾಲ್ ಮತ್ತು ಒಂದು ಅಣು ನೀರು ಬರುತ್ತದೆ. ಮೂರರಲ್ಲಿ ಒಂದು ಹೈಡ್ರೋಜನ್ ಅಣು ಆಮ್ಲಜನಕವನ್ನು ಕಿತ್ತು ನೀರು ಮಾಡುವುದಕ್ಕೇ ವೆಚ್ಚವಾಯಿತು. ಮೀಥೇನಿನಲ್ಲಿ ನಾಲ್ಕು ಹೈಡ್ರೋಜನ್ ಬೇಕು, ಅದರಲ್ಲಿ ಎರಡು ನೀರಿಗೆ ಹೋಗುತ್ತವೆ. ಶಕ್ತಿಯ ಭಾಷೆಯಲ್ಲಿ ಹೇಳಿದರೆ ಮೂರು ಮೋಲ್ (ಅಣುಗಳ ಒಂದು ನಿಶ್ಚಿತ ಎಣಿಕೆ) ಹೈಡ್ರೋಜನ್ ಉರಿದರೆ ಸಿಗುವ ಶಾಖ ಸುಮಾರು 726 ಕಿಲೊಜೂಲ್, ಅದರಿಂದಾದ ಒಂದು ಮೋಲ್ ಮೆಥನಾಲ್ ಕೊಡುವುದು 638, ಅಂದರೆ ಶೇ. 88. ಮೀಥೇನಿನಲ್ಲಿ ಇದು ಶೇ. 83ಕ್ಕೆ ಇಳಿಯುತ್ತದೆ. ವೇಗವರ್ಧಕ ಎಷ್ಟೇ ಪರಿಪೂರ್ಣವಾಗಿದ್ದರೂ ಉಳಿದ ಪಾಲು ಕ್ರಿಯೆಯ ಶಾಖವಾಗಿ ಹೊರಗೆ ಹೋಗುತ್ತದೆ. ಅದಕ್ಕೇ ನನ್ನ ಪಕ್ಷಪಾತ ಯಾವತ್ತೂ ಆಮ್ಲಜನಕವನ್ನು ತನ್ನಲ್ಲೇ ಉಳಿಸಿಕೊಳ್ಳುವ ರಾಸಾಯನಿಕಗಳ ಕಡೆಗೆ. ಡೈಆಕ್ಸೈಡಿನಲ್ಲಿ ಈಗಾಗಲೇ ಇರುವ ಆಮ್ಲಜನಕವನ್ನು ದುಬಾರಿ ಹೈಡ್ರೋಜನ್ ಕೊಟ್ಟು ಕಿತ್ತು ಬಿಸಾಡುವುದಕ್ಕಿಂತ, ಅದನ್ನು ಅಣುವಿನಲ್ಲೇ ಬಿಡುವುದು ಜಾಣತನ.

ಈಗ ಟನ್ನಿನ ಲೆಕ್ಕ. ಒಂದು ಟನ್ ಮೆಥನಾಲಿಗೆ 1.375 ಟನ್ ಇಂಗಾಲದ ಡೈಆಕ್ಸೈಡ್ ಮತ್ತು ಸುಮಾರು 190 ಕಿಲೊ ಹೈಡ್ರೋಜನ್ ಬೇಕು. ಇಂದು ಜಗತ್ತಿನ ಹೈಡ್ರೋಜನ್ ಹೆಚ್ಚಾಗಿ ಬರುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ನೈಸರ್ಗಿಕ ಅನಿಲದಿಂದ ಒಂದು ಕಿಲೊ ಹೈಡ್ರೋಜನ್ ತೆಗೆಯುವಾಗ ಸುಮಾರು 9ರಿಂದ 10 ಕಿಲೊ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. 190 ಕಿಲೊಗೆ 1.7ರಿಂದ 1.9 ಟನ್ ಆಯಿತು. ಒಳಗೆ ತೆಗೆದುಕೊಂಡದ್ದು 1.375 ಟನ್, ಹೊರಗೆ ಬಿಟ್ಟದ್ದು ಅದಕ್ಕಿಂತ ಹೆಚ್ಚು. ಕಲ್ಲಿದ್ದಲಿನ ಹೈಡ್ರೋಜನ್ ಆದರೆ ಇದರ ಎರಡರಷ್ಟು ಕೆಟ್ಟದು. ಇಂಥ ಹೈಡ್ರೋಜನ್ ಇಟ್ಟುಕೊಂಡು ಚಿಮಣಿಯ ಪಕ್ಕದಲ್ಲಿ ಘಟಕ ಕಟ್ಟಿದರೆ ವಾತಾವರಣಕ್ಕೆ ನಷ್ಟವೇ.

ನೀರನ್ನು ವಿದ್ಯುತ್ತಿನಿಂದ ಒಡೆದು ಹೈಡ್ರೋಜನ್ ಪಡೆಯುವುದು ಇನ್ನೊಂದು ದಾರಿ. ಕಿಲೊಗೆ 50ರಿಂದ 55 ಯೂನಿಟ್ ವಿದ್ಯುತ್ ಬೇಕು. ಒಂದು ಟನ್ ಮೆಥನಾಲಿಗೆ ಸುಮಾರು 10,000 ಯೂನಿಟ್ ಆಗುತ್ತದೆ. ಆ ಮೆಥನಾಲನ್ನು ಉರಿಸಿದರೆ ಹಿಂದಿರುಗುವುದು 5,500 ಯೂನಿಟ್‌ಗೆ ಸಮನಾದ ಶಾಖ ಮಾತ್ರ. ಹೊಗೆಯಿಂದ ಅನಿಲ ಹಿಡಿಯುವ ಖರ್ಚು ಬೇರೆ. ಆ ವಿದ್ಯುತ್ ಕಲ್ಲಿದ್ದಲು ಸುಟ್ಟು ಬಂದದ್ದಾಗಿದ್ದರೆ ಯೂನಿಟ್‌ಗೆ ಒಂದು ಕಿಲೊ ಆಸುಪಾಸು ಇಂಗಾಲದ ಡೈಆಕ್ಸೈಡ್, ಅಂದರೆ ಒಂದು ಟನ್ ಮೆಥನಾಲಿಗೆ ಒಂಬತ್ತು–ಹತ್ತು ಟನ್. ಹಾಗಾಗಿ ಕಲ್ಲಿದ್ದಲು ಸ್ಥಾವರದ ಹೊಗೆಯನ್ನು ಅದೇ ಸ್ಥಾವರದ ವಿದ್ಯುತ್ತಿನಿಂದ ಇಂಧನ ಮಾಡುವ ಯೋಚನೆಗೆ ಅರ್ಥವಿಲ್ಲ. ಗಾಳಿ, ಬಿಸಿಲು, ಜಲ, ಭೂಶಾಖ ಅಥವಾ ಪರಮಾಣು ವಿದ್ಯುತ್ ಇದ್ದಲ್ಲಿ ಮಾತ್ರ ಮಾತು ಮುಂದುವರಿಯುತ್ತದೆ. ಅಲ್ಲೂ, ಆ ವಿದ್ಯುತ್ತನ್ನು ನೇರವಾಗಿ ತಂತಿಯಲ್ಲಿ ಕಳಿಸಿ ಕಲ್ಲಿದ್ದಲು ಸುಡುವುದನ್ನು ತಪ್ಪಿಸಬಹುದಾದರೆ, ಅದೇ ಮೊದಲ ಆಯ್ಕೆಯಾಗಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ನೀವು ರಸಾಯನಶಾಸ್ತ್ರದವರು, ಆದ್ದರಿಂದ ರಿಯಾಕ್ಟರಿನ ಒಳಗೂ ಇಣುಕೋಣ. ಮೆಥನಾಲ್ ಆಗುವ ಕ್ರಿಯೆ ಬಹಿರುಷ್ಣಕ, ಮೋಲಿಗೆ 49 ಕಿಲೊಜೂಲ್ ಹೊರಬಿಡುತ್ತದೆ. ನಾಲ್ಕು ಅಣುಗಳು ಎರಡಾಗುತ್ತವೆ. ಹೊರಗಿನ ಬದಲಾವಣೆಯನ್ನು ತಗ್ಗಿಸುವ ಕಡೆಗೇ ಕ್ರಿಯೆ ವಾಲುತ್ತದೆ ಎನ್ನುವ ಲೆ ಶಾಟೆಲಿಯೇ ತತ್ತ್ವದಂತೆ ಕಡಿಮೆ ಉಷ್ಣತೆ, ಹೆಚ್ಚು ಒತ್ತಡ ಇದಕ್ಕೆ ಅನುಕೂಲ. ಆದರೆ ಇಂಗಾಲದ ಡೈಆಕ್ಸೈಡ್ ತೀರಾ ಜಡ ಅಣು, 200 ಡಿಗ್ರಿ ಸೆಲ್ಸಿಯಸ್ ಕೆಳಗೆ ತಾಮ್ರದ ವೇಗವರ್ಧಕ ಅದನ್ನು ಸಾಕಷ್ಟು ವೇಗವಾಗಿ ಮುಟ್ಟುವುದಿಲ್ಲ. ಬಿಸಿ ಏರಿಸಿದರೆ ಅದೇ ಮೇಲ್ಮೈಯಲ್ಲಿ ಇನ್ನೊಂದು ಕ್ರಿಯೆ ತಲೆ ಎತ್ತುತ್ತದೆ: ಡೈಆಕ್ಸೈಡ್ ಒಂದೇ ಹೈಡ್ರೋಜನ್ ತೆಗೆದುಕೊಂಡು ಮಾನಾಕ್ಸೈಡ್ ಮತ್ತು ನೀರಾಗುವುದು. ಇದು ಅಂತರುಷ್ಣಕ, ಮೋಲಿಗೆ 41 ಕಿಲೊಜೂಲ್ ಹೀರುತ್ತದೆ. ಶಾಖ ಹೆಚ್ಚಿದಷ್ಟೂ ಅದಕ್ಕೆ ಬಲ. ಒಂದರ ಅನುಕೂಲ ಇನ್ನೊಂದರ ಪ್ರತಿಕೂಲ. ಕಾರ್ಖಾನೆಗಳು 220ರಿಂದ 280 ಡಿಗ್ರಿಯ ನಡುವೆ ರಾಜಿಯಾಗಿವೆ. 250 ಡಿಗ್ರಿ, 50 ಬಾರ್, ಒಂದಕ್ಕೆ ಮೂರರ ಮಿಶ್ರಣ ಎಂದಿಟ್ಟುಕೊಂಡರೆ, ಸಮತೋಲವೇ (ಮುಂದಿನ ಕ್ರಿಯೆಯೂ ಹಿಂದಿನ ಕ್ರಿಯೆಯೂ ಸರಿಸಮವಾಗುವ ಸ್ಥಿತಿ) ಒಂದು ಸುತ್ತಿನಲ್ಲಿ ಡೈಆಕ್ಸೈಡಿನ ಕಾಲು ಭಾಗದ ಆಸುಪಾಸಿಗೆ ನಿಂತುಬಿಡುತ್ತದೆ, ಅದರಲ್ಲೂ ಒಂದಷ್ಟು ಮಾನಾಕ್ಸೈಡ್ ಪಾಲು. ಉಳಿದ ಅನಿಲವನ್ನು ತಣಿಸಿ, ಮೆಥನಾಲ್ ಮತ್ತು ನೀರನ್ನು ಬೇರೆ ಮಾಡಿ, ಮತ್ತೆ ಒತ್ತಿ ಒಳಗೆ ಕಳಿಸಬೇಕು. ಹೀಗೆ ಸುತ್ತಿಸಿ ಸುತ್ತಿಸಿ ಕಡೆಗೆ ಹೆಚ್ಚುಕಡಿಮೆ ಎಲ್ಲವನ್ನೂ ಬಳಸಿಕೊಳ್ಳುತ್ತಾರೆ.

ತಾಮ್ರದ ಜೊತೆ ಸತು ಯಾಕೆ ಎಂಬ ಪ್ರಶ್ನೆ ಈ ಕ್ಷೇತ್ರದ ಅತಿ ಹಳೆಯ ಜಗಳ. ಸತುವಿನ ಆಕ್ಸೈಡ್ ಬರೀ ಆಧಾರವಲ್ಲ ಎಂಬುದು ಸ್ಪಷ್ಟವಾಗಿದೆ: ಹೈಡ್ರೋಜನ್ನಿನಲ್ಲಿ ಕಾಯಿಸಿದಾಗ ಅದು ತಾಮ್ರದ ಕಣಗಳ ಮೇಲೆ ತೆವಳಿ ಹತ್ತಿ ಕೂರುತ್ತದೆ. ಜರ್ಮನಿಯ ಮಾಲ್ಟೆ ಬೆಹ್ರೆನ್ಸ್ ಮತ್ತು ಸಂಗಡಿಗರು 2012ರಲ್ಲಿ, ತಾಮ್ರದ ಮೇಲ್ಮೈಯ ಮೆಟ್ಟಿಲಿನಂಥ ಅಂಚುಗಳಲ್ಲಿ ಸತು ಕೂತ ಜಾಗವೇ ಮೆಥನಾಲ್ ಹುಟ್ಟುವ ಜಾಗ ಎಂದು ವಾದಿಸಿದರು. ಡೈಆಕ್ಸೈಡ್ ಮೊದಲು ಒಂದು ಹೈಡ್ರೋಜನ್ ಪರಮಾಣು ಪಡೆದು ಫಾರ್ಮೇಟ್ ಎಂಬ ನಡುವಿನ ರೂಪವಾಗಿ ಮೇಲ್ಮೈಗೆ ಅಂಟುತ್ತದೆ, ಆಮೇಲೆ ಹಂತಹಂತವಾಗಿ ಮೆಥಾಕ್ಸಿ ಎಂಬ ಇನ್ನೊಂದು ನಡುವಿನ ರೂಪ, ಕೊನೆಗೆ ಮೆಥನಾಲ್. ಇದು ಹೆಚ್ಚು ಜನ ಒಪ್ಪುವ ಹಾದಿ. ಆದರೂ ಕ್ರಿಯೆ ನಡೆಯುವ ಹೊತ್ತಿನಲ್ಲಿ ಸತು ಲೋಹದ ರೂಪದಲ್ಲಿದೆಯೋ ಆಕ್ಸೈಡ್ ರೂಪದಲ್ಲಿದೆಯೋ ಎಂಬ ವಾದ ನಿಂತಿಲ್ಲ.

ಹೈಡ್ರೋಜನ್ ನುಂಗುವ ನೀರಿನ ಕಾಟ ಅಷ್ಟಕ್ಕೇ ಮುಗಿಯುವುದಿಲ್ಲ. ಮಾನಾಕ್ಸೈಡ್ ಹೆಚ್ಚಿರುವ ಹಳೆಯ ವಿಧಾನದಲ್ಲಿ ಹುಟ್ಟಿದ ನೀರನ್ನು ಮಾನಾಕ್ಸೈಡೇ ತಿಂದು ಮುಗಿಸುತ್ತಿತ್ತು. ಬರೀ ಡೈಆಕ್ಸೈಡ್ ಬಿಟ್ಟರೆ ಪ್ರತಿ ಮೆಥನಾಲ್ ಅಣುವಿನ ಜೊತೆ ಒಂದು ನೀರಿನ ಅಣು ಉಳಿದು, ವೇಗವರ್ಧಕದ ಜಾಗಗಳನ್ನು ಹಿಡಿದು ಕೂರುತ್ತದೆ. ಜೊತೆಗೆ ತಾಮ್ರ ಮತ್ತು ಸತುವಿನ ಸಣ್ಣ ಕಣಗಳು ಒಂದಕ್ಕೊಂದು ಬೆಸೆದು ದಪ್ಪಗಾಗುವಂತೆ ಮಾಡುತ್ತದೆ. ಕಣ ದಪ್ಪವಾದಷ್ಟೂ ಮೇಲ್ಮೈ ಕಡಿಮೆ, ಕೆಲಸವೂ ಕಡಿಮೆ. ಹಳೆಯ ವಿಧಾನದಲ್ಲಿ ಮೂರು–ನಾಲ್ಕು ವರ್ಷ ಬಾಳುವ ವೇಗವರ್ಧಕ ಇಲ್ಲಿ ಬೇಗ ಮುದಿಯಾಗುತ್ತದೆ. ಹೊಸ ವೇಗವರ್ಧಕಗಳ ಹುಡುಕಾಟಕ್ಕೆ ನಿಜವಾದ ಕಾರಣ ಇದು.

ಹುಡುಕಾಟದಲ್ಲಿ ಒಳ್ಳೆಯ ಫಲಗಳೂ ಬಂದಿವೆ. 2016ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಹಾವಿಯರ್ ಪೆರೆಸ್–ರಾಮಿರೆಸ್ ಅವರ ತಂಡ ಜಿರ್ಕೋನಿಯಾದ (ಜಿರ್ಕೋನಿಯಂ ಲೋಹದ ಆಕ್ಸೈಡ್) ಮೇಲೆ ಇಂಡಿಯಂ ಆಕ್ಸೈಡ್ ಇಟ್ಟು, 300 ಡಿಗ್ರಿಯಲ್ಲೂ ಹೆಚ್ಚುಕಡಿಮೆ ಮೆಥನಾಲ್ ಒಂದನ್ನೇ ಪಡೆದು, ಸಾವಿರ ಗಂಟೆ ಓಡಿಸಿ ತೋರಿಸಿತು. ಇಲ್ಲಿ ಕೆಲಸ ಮಾಡುವುದು ಆಕ್ಸೈಡಿನಲ್ಲಿ ಆಮ್ಲಜನಕ ಕಳಚಿ ಉಂಟಾದ ಖಾಲಿ ಜಾಗಗಳು. 2021ರಲ್ಲಿ ಚೀನಾದ ತಂಡವೊಂದು ಗಂಧಕ ಕಳಚಿದ ಮಾಲಿಬ್ಡಿನಂ ಸಲ್ಫೈಡ್ ಹಾಳೆಗಳ ಮೇಲೆ ಕೇವಲ 180 ಡಿಗ್ರಿಯಲ್ಲಿ ಶೇ. 12.5 ಪರಿವರ್ತನೆ, ಅದರಲ್ಲಿ ಶೇ. 94 ಮೆಥನಾಲ್, ಮೂರು ಸಾವಿರ ಗಂಟೆ ಬಾಳಿಕೆ ವರದಿ ಮಾಡಿತು. ಈ ಎರಡನೆಯ ವರದಿ ನನಗೆ ಯಾಕೆ ಇಷ್ಟವೆಂದರೆ ಅದರಲ್ಲಿ ಉಷ್ಣತೆ, ಪರಿವರ್ತನೆ, ಆಯ್ಕೆ, ಬಾಳಿಕೆ ನಾಲ್ಕೂ ಒಟ್ಟಿಗೆ ಇವೆ.

ಸುದ್ದಿ ಓದುವಾಗ ನೀವೂ ಈ ನಾಲ್ಕನ್ನು ಹುಡುಕಿ. 'ಶೇ. 99 ಆಯ್ಕೆ' ಎಂದು ಬರೆದಿದ್ದರೆ, ಕ್ರಿಯೆಗೆ ಒಳಗಾದ ಡೈಆಕ್ಸೈಡಿನಲ್ಲಿ ಶೇ. 99 ಬೇಕಾದ ವಸ್ತುವಾಯಿತೆಂದು ಮಾತ್ರ ಅರ್ಥ. ಒಳಗಾದದ್ದೇ ನೂರಕ್ಕೆ ಒಂದು ಪಾಲು ಇರಬಹುದು. ಪರಿವರ್ತನೆಯನ್ನು ಸೊನ್ನೆಯ ಹತ್ತಿರ ಇಟ್ಟುಕೊಂಡರೆ ಆಯ್ಕೆ ಎತ್ತರ ಕಾಣುವುದು ಸುಲಭ. ಇನ್ನು ಕೆಲವರು ಬರೀ ಪರಿವರ್ತನೆ ಹೇಳಿ, ಆಯ್ಕೆಯನ್ನು ಒಳಪುಟದಲ್ಲಿ ಇಡುತ್ತಾರೆ. ಒಂದು ಗ್ರಾಂ ವೇಗವರ್ಧಕ ಗಂಟೆಗೆ ಎಷ್ಟು ಮೆಥನಾಲ್ ಕೊಟ್ಟಿತು ಎಂಬ ಸಂಖ್ಯೆ ಸಿಕ್ಕಿದರೆ ಅದು ಎಲ್ಲಕ್ಕಿಂತ ಪ್ರಾಮಾಣಿಕ.

ಮೆಥನಾಲ್ ಬಿಟ್ಟು ಉಳಿದವುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮೀಥೇನ್ ಎಲ್ಲಕ್ಕಿಂತ ಸುಲಭ, ನಿಕ್ಕಲ್ ಅಗ್ಗ, 300 ಡಿಗ್ರಿಯಲ್ಲಿ ಪರಿವರ್ತನೆ ಹೆಚ್ಚುಕಡಿಮೆ ಪೂರ್ತಿ. ಮೋಲಿಗೆ 165 ಕಿಲೊಜೂಲ್ ಶಾಖ ಬರುವುದರಿಂದ ರಿಯಾಕ್ಟರನ್ನು ತಣ್ಣಗಿಡುವುದೇ ದೊಡ್ಡ ಕೆಲಸ. ಬೆಲೆಯ ದೃಷ್ಟಿಯಿಂದ ಇದು ನನಗೆ ಅಷ್ಟು ಹಿಡಿಸದ ದಾರಿ, ಅತಿ ಹೆಚ್ಚು ಹೈಡ್ರೋಜನ್ ಸುರಿದು ಅತಿ ಅಗ್ಗದ ವಸ್ತು ಪಡೆದಂತೆ. ಆದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಇದಕ್ಕೆ ಬೇರೆಯದೇ ಮಹತ್ವವಿದೆ. ಅಲ್ಲಿ 2010ರಲ್ಲಿ ಸಬಾಟಿಯೇ ಘಟಕ ಇಟ್ಟರು, ಬೇಕಾದದ್ದು ಮೀಥೇನ್ ಅಲ್ಲ, ಜೊತೆಯಲ್ಲಿ ಹುಟ್ಟುವ ನೀರು. ಗಗನಯಾತ್ರಿಗಳ ಉಸಿರಿನ ಡೈಆಕ್ಸೈಡಿನಿಂದ ನೀರು ಉಳಿಸಿಕೊಂಡು ಮೀಥೇನನ್ನು ಹೊರಗೆ ಬಿಡುತ್ತಿದ್ದರು.

ಫಾರ್ಮಿಕ್ ಆಮ್ಲ ಇದಕ್ಕೆ ತದ್ವಿರುದ್ಧ. ಒಂದೇ ಹೈಡ್ರೋಜನ್ ಸಾಕು, ನೀರಿಗೆ ಒಂದು ಪರಮಾಣುವೂ ಹೋಗುವುದಿಲ್ಲ. ಹೈಡ್ರೋಜನ್ ಲೆಕ್ಕದಲ್ಲಿ ಇಷ್ಟು ಅಚ್ಚುಕಟ್ಟಾದ ಕ್ರಿಯೆ ಇನ್ನೊಂದಿಲ್ಲ. ತೊಡಕೆಂದರೆ ಅನಿಲಗಳಿಂದ ದ್ರವ ಆಮ್ಲವಾಗುವ ಈ ಕ್ರಿಯೆ ತಾನಾಗಿ ಮುಂದಕ್ಕೆ ಹೋಗದು, ಮುಕ್ತಶಕ್ತಿ (ಕ್ರಿಯೆ ತಾನಾಗಿ ಯಾವ ಕಡೆ ಸಾಗುತ್ತದೆಂದು ತಿಳಿಸುವ ಅಳತೆ) ಮೋಲಿಗೆ 33 ಕಿಲೊಜೂಲ್ ಮೇಲಕ್ಕಿದೆ. ಪ್ರತ್ಯಾಮ್ಲ ಸೇರಿಸಿ ಫಾರ್ಮೇಟ್ ಲವಣ ಮಾಡಿ ಎಳೆಯಬೇಕಾಗುತ್ತದೆ. ಜಪಾನಿನ ರ್ಯೋಜಿ ನೊಯೊರಿ ಅವರ ತಂಡ 1994ರಲ್ಲಿ ಅತಿಕ್ರಾಂತಿಕ ಸ್ಥಿತಿಯ (ಅನಿಲವೂ ಅಲ್ಲದ ದ್ರವವೂ ಅಲ್ಲದ, ಎರಡರ ಗುಣವೂ ಇರುವ ಸ್ಥಿತಿ) ಇಂಗಾಲದ ಡೈಆಕ್ಸೈಡನ್ನೇ ದ್ರಾವಕವಾಗಿ ಬಳಸಿ ರುಥೇನಿಯಂ ಸಂಯುಕ್ತದಿಂದ ಇದನ್ನು ವೇಗವಾಗಿ ಮಾಡಿತು. 2009ರಲ್ಲಿ ಕ್ಯೋಕೊ ನೊಜಾಕಿ ಅವರ ತಂಡದ ಇರಿಡಿಯಂ ಸಂಯುಕ್ತದ ಒಂದೊಂದು ಅಣುವೂ 35 ಲಕ್ಷ ಸಲ ಕ್ರಿಯೆ ನಡೆಸಿತು. ರಸಾಯನಶಾಸ್ತ್ರ ಗೆದ್ದಿದೆ. ಆಮೇಲೆ ಲವಣದಿಂದ ಶುದ್ಧ ಆಮ್ಲವನ್ನು ಬಿಡಿಸುವುದು ಮತ್ತು ಕೊಳ್ಳುವವರನ್ನು ಹುಡುಕುವುದು, ಎರಡೂ ಕಷ್ಟ.

ಪೆಟ್ರೋಲ್ ಶ್ರೇಣಿಯ ಹೈಡ್ರೋಕಾರ್ಬನ್‌ಗಳಿಗೆ ಹೆಚ್ಚಾಗಿ ಬಳಸುವುದು ಕಬ್ಬಿಣ. ಅದರ ಆಕ್ಸೈಡ್ ರೂಪ ಡೈಆಕ್ಸೈಡನ್ನು ಮಾನಾಕ್ಸೈಡ್ ಮಾಡುತ್ತದೆ, ಪಕ್ಕದಲ್ಲೇ ಇರುವ ಕಾರ್ಬೈಡ್ (ಇಂಗಾಲದ ಜೊತೆ ಕೂಡಿದ) ರೂಪ ಅದನ್ನು ಸರಪಳಿಯಾಗಿ ಹೆಣೆಯುತ್ತದೆ. 2017ರಲ್ಲಿ ಚೀನಾದ ಡಾಲಿಯನ್ ಸಂಶೋಧಕರು ಸೋಡಿಯಂ ಬೆರೆಸಿದ ಕಬ್ಬಿಣವನ್ನು ಜಿಯೊಲೈಟ್ (ಅತಿಸಣ್ಣ ರಂಧ್ರಗಳಿರುವ ಖನಿಜ) ಜೊತೆ ಸೇರಿಸಿ, ಬಂದ ಹೈಡ್ರೋಕಾರ್ಬನ್‌ಗಳಲ್ಲಿ ಶೇ. 78 ಪೆಟ್ರೋಲ್ ಶ್ರೇಣಿಯದಾಗುವಂತೆ ಮಾಡಿದರು. ವಿಮಾನದ ಇಂಧನಕ್ಕೆ ಬ್ಯಾಟರಿ ಸುಲಭದ ಪರ್ಯಾಯವಲ್ಲದ ಕಾರಣ ಈ ಸಾಲಿನ ಕೆಲಸಕ್ಕೆ ನಿಜವಾದ ಅಗತ್ಯವಿದೆ.

ಇನ್ನು ನಿಮ್ಮ ಚಿಮಣಿ. ಕಲ್ಲಿದ್ದಲು ಸ್ಥಾವರದ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇ. 12ರಿಂದ 15 ಮಾತ್ರ, ಉಳಿದದ್ದು ಹೆಚ್ಚಾಗಿ ಸಾರಜನಕ. ಜೊತೆಗೆ ಗಂಧಕದ ಆಕ್ಸೈಡ್‌ಗಳು, ಆಮ್ಲಜನಕ, ಬೂದಿ. ತಾಮ್ರಕ್ಕೂ ನಿಕ್ಕಲ್ಲಿಗೂ ಗಂಧಕ ವಿಷ, ಅತ್ಯಲ್ಪ ಸೇರಿದರೂ ಕೂತ ಜಾಗ ಬಿಡುವುದಿಲ್ಲ. ಆಮ್ಲಜನಕವೋ, ಹೈಡ್ರೋಜನ್ನನ್ನು ಸುಮ್ಮನೆ ನೀರು ಮಾಡಿ ಮುಗಿಸುತ್ತದೆ. ಅಮೈನ್ (ಸಾರಜನಕವಿರುವ, ಪ್ರತ್ಯಾಮ್ಲ ಗುಣದ ಸಂಯುಕ್ತ) ದ್ರಾವಣದಲ್ಲಿ ಡೈಆಕ್ಸೈಡನ್ನು ಹಿಡಿದು, ಕಾಯಿಸಿ ಬಿಡಿಸಿ, ಶುದ್ಧ ಮಾಡಿದ ಮೇಲೆಯೇ ರಿಯಾಕ್ಟರಿಗೆ ಬಿಡಬಹುದು. ಅದಕ್ಕೇ ಜಾಣರು ಮೊದಲು ಹೋಗುವುದು ಡೈಆಕ್ಸೈಡ್ ದಟ್ಟವಾಗಿ ಬರುವ ಕಡೆಗೆ: ಜೈವಿಕ ಅನಿಲ ಘಟಕ, ಎಥನಾಲಿನ ಹುದುಗು ತೊಟ್ಟಿ, ಅಮೋನಿಯ ಕಾರ್ಖಾನೆ.

ಈವರೆಗೆ ಕಟ್ಟಿದ ಘಟಕಗಳನ್ನು ನೋಡಿದರೆ ಅವು ಎದ್ದದ್ದು ಹೈಡ್ರೋಜನ್ ಎಟಕುವ ಜಾಗಗಳಲ್ಲಿ ಎಂಬುದು ಕಾಣುತ್ತದೆ. ಐಸ್‌ಲ್ಯಾಂಡಿನ ಸ್ವಾರ್ಟ್ಸೆಂಗಿ ಭೂಶಾಖ ಸ್ಥಾವರದ ಪಕ್ಕ ಕಾರ್ಬನ್ ರೀಸೈಕ್ಲಿಂಗ್ ಇಂಟರ್‌ನ್ಯಾಷನಲ್ ಕಂಪನಿ ಕಟ್ಟಿದ, ರಸಾಯನಶಾಸ್ತ್ರಜ್ಞ ಜಾರ್ಜ್ ಓಲಾ ಹೆಸರಿನ ಘಟಕ ವರ್ಷಕ್ಕೆ 4,000 ಟನ್ ಮೆಥನಾಲ್ ಸಾಮರ್ಥ್ಯದ್ದು. ಅಲ್ಲಿ ಭೂಶಾಖದ ವಿದ್ಯುತ್ತಿತ್ತು, ಅದೇ ಬಾವಿಯಿಂದ ಡೈಆಕ್ಸೈಡೂ ಬರುತ್ತಿತ್ತು. ಅದೇ ಕಂಪನಿಯ ತಂತ್ರಜ್ಞಾನದಿಂದ ಚೀನಾದ ಅನ್ಯಾಂಗ್‌ನಲ್ಲಿ 2022ರಲ್ಲಿ ಶುರುವಾದ ಘಟಕ ವರ್ಷಕ್ಕೆ 1,10,000 ಟನ್ನಿನದು. ಅಲ್ಲಿ ಹೈಡ್ರೋಜನ್ ಸಿಗುವುದು ಕಲ್ಲಿದ್ದಲನ್ನು ಕಾಯಿಸಿ ಕೋಕ್ ಮಾಡುವ ಒಲೆಗಳ ಅನಿಲದಿಂದ, ಬೇರೆ ಕೆಲಸದ ಉಪಫಲವಾಗಿ. ಡೆನ್ಮಾರ್ಕಿನ ಕಾಸ್ಸೊದಲ್ಲಿ 2025ರಲ್ಲಿ ತೆರೆದ 42,000 ಟನ್ ಘಟಕ ಬಿಸಿಲಿನ ವಿದ್ಯುತ್ತನ್ನೂ ಜೈವಿಕ ಅನಿಲದ ಡೈಆಕ್ಸೈಡನ್ನೂ ಬಳಸುತ್ತದೆ. ಅದರ ಮೆಥನಾಲ್ ಹಡಗುಗಳಿಗೂ ಪ್ಲಾಸ್ಟಿಕ್ ತಯಾರಕರಿಗೂ ಹೋಗುತ್ತದೆ.

ಇದರಿಂದ ಜಗತ್ತಿನ ತಾಪಕ್ಕೆ ಎಷ್ಟು ಉಪಶಮನ ಎಂಬುದಕ್ಕೂ ಒಂದು ಅಳತೆ ಕೊಡುತ್ತೇನೆ. ಜಗತ್ತು ವರ್ಷಕ್ಕೆ ತಯಾರಿಸುವ ಮೆಥನಾಲ್ ಸುಮಾರು 11 ಕೋಟಿ ಟನ್. ಅಷ್ಟನ್ನೂ ಡೈಆಕ್ಸೈಡಿನಿಂದಲೇ ಮಾಡಿದರೆ ಬಳಕೆಯಾಗುವುದು 15 ಕೋಟಿ ಟನ್. ಇಂಧನ ಮತ್ತು ಉದ್ಯಮದಿಂದ ವರ್ಷಕ್ಕೆ ಹೊರಬೀಳುವ ಸುಮಾರು 3,700 ಕೋಟಿ ಟನ್ನಿನಲ್ಲಿ ಅದು ಶೇ. 0.4. ಅದಕ್ಕೆ ಬೇಕಾಗುವ ವಿದ್ಯುತ್ ಇಂದಿನ ಜಾಗತಿಕ ಉತ್ಪಾದನೆಯ ಮೂರೂವರೆ ಶೇಕಡಾದಷ್ಟು. ಇದು ಇಂಗಾಲವನ್ನು ಹೂಳುವ ವಿಧಾನವಲ್ಲ, ಇಂಧನವಾಗಿ ಉರಿಸಿದ ದಿನವೇ ಅದು ಮತ್ತೆ ಗಾಳಿ ಸೇರುತ್ತದೆ. ಆದರೆ ಇಂಗಾಲವಿಲ್ಲದೆ ನಡೆಯದ ಕೆಲಸಗಳಿವೆ: ಪ್ಲಾಸ್ಟಿಕ್, ಅಂಟು, ದ್ರಾವಕ, ಔಷಧ, ದೂರದ ಹಡಗು ಮತ್ತು ವಿಮಾನ. ನೆಲದಿಂದ ಹೊಸ ಇಂಗಾಲ ಅಗೆಯುವುದನ್ನು ನಿಲ್ಲಿಸಿದ ದಿನ ಇವಕ್ಕೆಲ್ಲ ಇಂಗಾಲ ಬರಬೇಕಾದದ್ದು ಜೀವರಾಶಿಯಿಂದ, ಮರುಬಳಕೆಯಿಂದ ಅಥವಾ ಈ ಕ್ರಿಯೆಯಿಂದ. ನಾನು ಈ ಕ್ಷೇತ್ರವನ್ನು ಬಿಡದಿರುವುದು ಈ ಕಾರಣಕ್ಕೆ.

ನಿಮಗೆ ಉಳಿದ ಕೆಲಸ ಧಾರಾಳವಾಗಿದೆ. ನೀರನ್ನು ತಾಳುವ ವೇಗವರ್ಧಕ ಒಂದು. ಹುಟ್ಟಿದ ನೀರನ್ನು ಹುಟ್ಟಿದ ಜಾಗದಲ್ಲೇ ಜಿಯೊಲೈಟ್ ಪೊರೆಯಿಂದ ಸೋಸಿ ತೆಗೆದು ಸಮತೋಲವನ್ನೇ ಮುಂದಕ್ಕೆ ಎಳೆಯುವುದು ಇನ್ನೊಂದು, ವೇಗವರ್ಧಕ ಒಂದರಿಂದ ಆಗದ ಕೆಲಸವನ್ನು ಅದು ಮಾಡುತ್ತದೆ. ಗಾಳಿ, ಬಿಸಿಲಿನ ವಿದ್ಯುತ್ ಏರಿಳಿಯುವಾಗ ಹೈಡ್ರೋಜನ್ ಹರಿವೂ ಏರಿಳಿಯುತ್ತದೆ. ಒಂದೇ ಸಮ ಓಡುವುದಕ್ಕೆಂದು ರೂಪಿಸಿದ ತಾಮ್ರದ ಕಣಗಳು ಈ ಏರಿಳಿತದಲ್ಲಿ ಹೇಗೆ ಬದಲಾಗುತ್ತವೆ ಎಂಬ ಅಧ್ಯಯನಕ್ಕೆ ಸಾಕಷ್ಟು ಜಾಗವಿದೆ. ಹಿಡಿಯುವ ಅಮೈನ್ ದ್ರಾವಣದಲ್ಲೇ ನೇರವಾಗಿ ಹೈಡ್ರೋಜನ್ ಸೇರಿಸುವುದು ನಾಲ್ಕನೆಯದು. ಓಲಾ ಮತ್ತು ಸೂರ್ಯ ಪ್ರಕಾಶ್ ಅವರ ತಂಡ 2016ರಲ್ಲಿ ಗಾಳಿಯಿಂದ ಹಿಡಿದ ಡೈಆಕ್ಸೈಡನ್ನು ಹೀಗೆ ಮೆಥನಾಲ್ ಮಾಡಿ ತೋರಿಸಿದೆ, ದುಬಾರಿ ರುಥೇನಿಯಂ ಬದಲು ಅಗ್ಗದ ಲೋಹ ಅಲ್ಲಿಗೆ ಬರಬೇಕಿದೆ.

ಪ್ರಯೋಗಾಲಯ ಆರಿಸುವಾಗ ಮಾರ್ಗದರ್ಶಕರನ್ನು ನಾಚಿಕೆಯಿಲ್ಲದೆ ಕೇಳಿ: ರಿಯಾಕ್ಟರ್ 50 ಬಾರ್ ತಾಳುತ್ತದೆಯೇ? ಅನಿಲಕ್ಕೆ ನೀರಾವಿ ಬೆರೆಸಿ ಓಡಿಸುವ ವ್ಯವಸ್ಥೆ ಇದೆಯೇ? ಒಳಗೆ ಹೋದ ಇಂಗಾಲವೆಲ್ಲ ಹೊರಗೆ ಲೆಕ್ಕಕ್ಕೆ ಸಿಗುತ್ತದೆಯೇ ಎಂದು ಪ್ರತಿ ಪ್ರಯೋಗದಲ್ಲೂ ನೋಡುತ್ತಾರೆಯೇ? ಒಂದೇ ವೇಗವರ್ಧಕವನ್ನು ಸಾವಿರ ಗಂಟೆ ನಿಲ್ಲಿಸದೆ ಓಡಿಸಲು ರಿಯಾಕ್ಟರನ್ನು ನಿಮಗೆ ಬಿಟ್ಟುಕೊಡುತ್ತಾರೆಯೇ? ಈ ನಾಲ್ಕಕ್ಕೂ ಹೌದು ಎನ್ನುವ ಕಡೆ ಸೇರಿಕೊಳ್ಳಿ.